ಕಾಫಿ ಕಪ್ ಗೊತ್ತು, ಕಾಫಿ ಗಿಡ ಗೊತ್ತಿಲ್ಲ: ಮಶೀನು ಲೋಕ ನೋಡೋ ಬಗೆ

(ಚಿಕ್ಕಮಗಳೂರಲ್ಲಿ ಕಾಲೇಜು ಹುಡುಗ ಹುಡುಗೀರು, ಬೆಳೆಗಾರರು, ಒಂದಷ್ಟು ಮೇಷ್ಟ್ರು ಸೇರಿದ್ದ ಸಭೆಲಿ ಆಡಿದ ಮಾತು ಇದು. ಬರದೇ ಇದ್ದೋರು ಓದೋಕೆ ಕೊಡಿ ಅಂತ ಕೇಳಿದ್ರು, ಹಾಗಾಗಿ ಮಾತಾಡಿದ ಹಾಗೇ ಬರೆದಿದೀನಿ. ಪರದೆ ಮೇಲೆ ತೋರ್ಸಿದ್ದ ಚಿತ್ರಗಳನ್ನ ಮಾತಲ್ಲೇ ಹೇಳಿದೀನಿ, ಕೊನೆಲಿ ಕೇಳಿದ ಪ್ರಶ್ನೆಗಳಲ್ಲಿ ಕೆಲವು ಸೇರ್ಸಿದೀನಿ.)

ಎಲ್ರಿಗೂ ನಮಸ್ಕಾರ. ನಾನು ಕಂಪ್ಯೂಟರ್ ವಿಷನ್ ಅನ್ನೋ ವಿಷಯದಲ್ಲಿ ಸಂಶೋಧನೆ ಮಾಡೋನು. ಕ್ಯಾಮೆರಾ ಹಿಡಿದ ಚಿತ್ರದಲ್ಲಿ ಏನಿದೆ, ಎಲ್ಲಿದೆ, ಎಷ್ಟು ದೂರ ಇದೆ ಅನ್ನೋದು ಕಂಪ್ಯೂಟರಿಗೆ ತಿಳಿಯೋ ಹಾಗೆ ಮಾಡೋದು ನಮ್ಮ ಕೆಲಸ. ಊರಿಗೆ ಬಂದಾಗೆಲ್ಲ ತೋಟದೋರು ಕೇಳೋದು ಒಂದೇ: ಎಲೆ ಫೋಟೋ ತೆಗೆದು ಹಾಕಿದ್ರೆ ಯಾವ ರೋಗ ಅಂತ ಫೋನೇ ಹೇಳುತ್ತಂತಲ್ಲ, ನಂಬಬಹುದಾ? ಇವತ್ತಿನ ಮಾತೆಲ್ಲ ಆ ಪ್ರಶ್ನೆ ಸುತ್ತಾನೇ ಇರುತ್ತೆ. ಉತ್ತರ ಮೊದಲೇ ಹೇಳ್ಬಿಡ್ತೀನಿ, ಆಮೇಲೆ ಯಾಕೆ ಅಂತ ನೋಡೋಣ. ಆ ಮಶೀನಿಗೆ ಯಾರ ತೋಟದ ಫೋಟೋ ತೋರ್ಸಿ ಕಲಿಸಿದೀರಿ ಅಂತ ಕೇಳಿ. ಅದು ನಿಮ್ಮ ತೋಟದ ಥರದ್ದಲ್ಲ ಅಂತಾದ್ರೆ ಅವರು ಎಷ್ಟು ಪರ್ಸೆಂಟ್ ಸರಿ ಅಂತ ಹೇಳಿದ್ರೂ ಆ ನಂಬರು ನಿಮಗೆ ಸಂಬಂಧಪಟ್ಟಿದ್ದಲ್ಲ.

ಮೊದಲು ಮಶೀನಿನ ಕೈಗೆ ಸಿಗೋದು ಏನು ಅಂತ ನೋಡಿ. ನಿಮ್ಮ ಫೋನಿನ ಕ್ಯಾಮೆರಾ 12 ಮೆಗಾಪಿಕ್ಸೆಲ್ ಅಂತಿಟ್ಕೊಳಿ, ಒಂದು ಫೋಟೋಲಿ ಅಡ್ಡ 4000 ಪಿಕ್ಸೆಲ್, ಉದ್ದ 3000, ಒಟ್ಟು 1 ಕೋಟಿ 20 ಲಕ್ಷ. ಒಂದೊಂದು ಪಿಕ್ಸೆಲ್ಲಿಗೂ ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಅಂತ 0 ಯಿಂದ 255ರ ಒಳಗೆ ಮೂರು ನಂಬರು, ಅಲ್ಲಿಗೆ 3 ಕೋಟಿ 60 ಲಕ್ಷ ನಂಬರು ಆಯ್ತು. ಅದಷ್ಟೇ. ಅದರಲ್ಲಿ ಎಲೆ ಅಂತ ಎಲ್ಲೂ ಬರೆದಿಲ್ಲ, ಗಿಡ ಅಂತಾನೂ ಇಲ್ಲ, ಗಿಡದ ಹಿಂದೆ ನಿಂತಿರೋ ರೈಟ್ರು (ತೋಟದ ಕೆಲಸ ಲೆಕ್ಕ ನೋಡ್ಕೊಳೋರು) ಅಂತಾನೂ ಇಲ್ಲ. ಅದೇ ಗಿಡಾನ ಬೆಳಿಗ್ಗೆ ಎಂಟಕ್ಕೆ ಒಂದ್ಸಲ, ಮಧ್ಯಾಹ್ನ ಒಂದಕ್ಕೆ ಒಂದ್ಸಲ ತೆಗೀರಿ, ನಮ್ಮ ಕಣ್ಣಿಗೆ ಅದೇ ಗಿಡ, ಆದ್ರೆ ನಂಬರು ಒಂದಕ್ಕೊಂದು ಹೊಂದೋದೇ ಇಲ್ಲ, ಅದರಲ್ಲೂ ನಮ್ಮ ಕಡೆ ತೋಟದಲ್ಲಿ ಸಿಲ್ವರ್ ಓಕಿನ ಮೇಲಿಂದ, ಹಲಸಿನ ಮರದ ಸಂದಿಯಿಂದ ಬಿಸಿಲು ಚೂರು ಚೂರಾಗಿ ಎಲೆ ಮೇಲೆ ಬಿದ್ದಿರುತ್ತೆ, ಗಾಳಿ ಬೀಸಿದ್ರೆ ಅದೂ ಜಾಗ ಬದಲಾಯಿಸುತ್ತೆ, ಮರಗಸಿ, ಅಂದ್ರೆ ನೆರಳು ಮರದ ಕೊಂಬೆ ಸವರೋದು, ಆದ್ಮೇಲೆ ಇಡೀ ತೋಟದ ಬೆಳಕೇ ಬೇರೆ ಆಗ್ಬಿಡುತ್ತೆ. ಇಷ್ಟೆಲ್ಲ ಬದಲಾದ್ರೂ ಅದು ಅದೇ ಗಿಡ ಅಂತ ಹೇಳೋದು ನಮ್ಮ ಮಿದುಳಿಗೆ ಎಷ್ಟು ಸಲೀಸು ಅಂದ್ರೆ ಅದೊಂದು ಕೆಲಸ ಅಂತಾನೇ ನಮಗೆ ಅನ್ಸಲ್ಲ.

ಅನ್ಸದೇ ಇರೋದ್ರಿಂದಾನೇ ಈ ಕ್ಷೇತ್ರದ ಶುರುವಾತು ಹಾಗಾಯ್ತು. 1966ರಲ್ಲಿ ಅಮೆರಿಕದ ಎಂಐಟಿಲಿ ಸೆಮೋರ್ ಪ್ಯಾಪರ್ಟ್ ಅನ್ನೋರು ಒಂದು ಪ್ಲಾನ್ ಬರೆದ್ರು, ಬೇಸಿಗೆ ರಜೆಲಿ ಕೆಲಸಕ್ಕೆ ಬರೋ ಹುಡುಗರನ್ನ ಹಾಕ್ಕೊಂಡು ನೋಡೋ ವ್ಯವಸ್ಥೆಯ ದೊಡ್ಡ ಭಾಗಾನ ಕಟ್ಟಿ ಮುಗಿಸೋದು ಅಂತ. ಅವರು ದಡ್ಡರಲ್ಲ, ಆ ಕಾಲದ ದೊಡ್ಡ ತಲೆಗಳು. ನೋಡೋದು ಅಷ್ಟು ಕಷ್ಟ ಇರಬಹುದು ಅಂತ ಯಾರಿಗೂ ಹೊಳೆದಿರಲಿಲ್ಲ, ಚೆಸ್ ಆಡೋದು ಕಷ್ಟ, ಗಣಿತ ಕಷ್ಟ, ನೋಡೋದಕ್ಕೇನು, ಮಗೂನೂ ನೋಡುತ್ತೆ ಅಂತ. ಆ ಬೇಸಿಗೆ ಕಳೆದು ಸುಮಾರು 60 ವರ್ಷ ಆಯ್ತು, ಸಮಸ್ಯೆ ಇನ್ನೂ ಪೂರ್ತಿ ಬಗೆಹರಿದಿಲ್ಲ.

ಅಲ್ಲಿಂದ ಇಲ್ಲಿವರೆಗಿನ ದಾರಿ ಬೇಗ ಬೇಗ ಹೇಳ್ಬಿಡ್ತೀನಿ. ಅದಕ್ಕೂ ಸ್ವಲ್ಪ ಮುಂಚೆ, 1959ರಲ್ಲಿ, ಡೇವಿಡ್ ಹ್ಯೂಬೆಲ್ ಮತ್ತೆ ಟಾರ್ಸ್ಟನ್ ವೀಸೆಲ್ ಬೆಕ್ಕಿನ ಮಿದುಳಲ್ಲಿ ಕೆಲವು ಜೀವಕೋಶಗಳು ಒಂದು ನಿರ್ದಿಷ್ಟ ಓರೆಯಲ್ಲಿರೋ ಗೆರೆ ಕಂಡಾಗ ಮಾತ್ರ ಎಚ್ಚರ ಆಗ್ತವೆ ಅಂತ ತೋರ್ಸಿದ್ರು, 1981ರಲ್ಲಿ ನೊಬೆಲ್ ಬಂತು. ಅಂದ್ರೆ ನೋಡೋದು ಶುರುವಾಗೋದು ಅಂಚುಗಳಿಂದ. ಕಂಪ್ಯೂಟರಲ್ಲಿ ಅಂಚು ಹುಡುಕೋದು ಹೇಗೆ ಅಂದ್ರೆ, ಹಸಿರು ಎಲೆ ಮೇಲಿರೋ ಪಿಕ್ಸೆಲ್ ಸಾಲಲ್ಲಿ ನಂಬರು 142, 138, 140 ಅಂತ ಹೋಗ್ತಾ ಇರುತ್ತೆ, ಎಲೆ ಮುಗಿದು ಹಿಂದಿನ ಕತ್ತಲು ಶುರುವಾದ ತಕ್ಷಣ 41, 37 ಅಂತ ಬೀಳುತ್ತೆ. ಪಕ್ಕಪಕ್ಕದ ನಂಬರು ಕಳೀತಾ ಹೋದ್ರೆ ಎಲೆ ಮಧ್ಯೆ ಉತ್ತರ ಸೊನ್ನೆ ಹತ್ರ ಇರುತ್ತೆ, ಅಂಚಲ್ಲಿ 100ರ ಹತ್ರ ಹಾರುತ್ತೆ. ಮೂರು ಪಿಕ್ಸೆಲ್ ಅಗಲ ಮೂರು ಪಿಕ್ಸೆಲ್ ಉದ್ದದ ಸಣ್ಣ ಕಿಟಕೀಲಿ ಇಂಥ ಕೂಡೋದು ಕಳೆಯೋದು ಮಾಡ್ಕೊಂಡು ಇಡೀ ಚಿತ್ರದ ಮೇಲೆ ಸರಿಸ್ತಾ ಹೋಗೋದಕ್ಕೆ ಕನ್ವಲ್ಯೂಷನ್ ಅಂತಾರೆ. ಬಹಳ ವರ್ಷ ಆ ಕಿಟಕೀಲಿ ಯಾವ ನಂಬರು ಇಡಬೇಕು ಅಂತ ಮನುಷ್ಯರೇ ಯೋಚಿಸಿ ಇಡ್ತಾ ಇದ್ರು. 1980ರಲ್ಲಿ ಜಪಾನಿನ ಕುನಿಹಿಕೊ ಫುಕುಶಿಮಾ ಇಂಥ ಕಿಟಕಿಗಳನ್ನ ಪದರದ ಮೇಲೆ ಪದರ ಜೋಡಿಸಿದ್ರು, 1989ರಲ್ಲಿ ಯಾನ್ ಲೆಕುನ್ ಮತ್ತೆ ಜೊತೆಯೋರು ಕೈಬರಹದ ಪಿನ್‌ಕೋಡ್ ಅಂಕಿಗಳ ಮೇಲೆ ಆ ನಂಬರುಗಳನ್ನ ಮಶೀನೇ ಉದಾಹರಣೆ ನೋಡಿ ಕಲಿಯೋ ಹಾಗೆ ಮಾಡಿದ್ರು. ಹೀಗೆ ಪದರ ಪದರವಾಗಿ ಜೋಡಿಸಿದ್ದನ್ನೇ ನೆಟ್‌ವರ್ಕ್ ಅಂತಾರೆ. ಉಪಾಯ ಸರಿ ಇತ್ತು, ಆದ್ರೆ ಅದಕ್ಕೆ ತಿನ್ನಿಸೋಕೆ ಫೋಟೋ ಇರಲಿಲ್ಲ, ಅಷ್ಟು ಲೆಕ್ಕ ಮಾಡೋ ಕಂಪ್ಯೂಟರೂ ಇರಲಿಲ್ಲ.

ಫೋಟೋ ತಂದೋರು ಫೈ-ಫೈ ಲೀ. 2009ರಲ್ಲಿ ಅವರ ತಂಡ ಇಮೇಜ್‌ನೆಟ್ ಅನ್ನೋ ಸಂಗ್ರಹ ಹೊರಗೆ ತಂತು, ಬೆಳೀತಾ ಬೆಳೀತಾ 1 ಕೋಟಿ 40 ಲಕ್ಷ ಫೋಟೋ ಆಯ್ತು. ಇಂಟರ್ನೆಟ್ಟಿಂದ ಫೋಟೋ ಇಳಿಸಿ, ಇದರಲ್ಲಿ ನಿಜವಾಗ್ಲೂ ಹುಲಿ ಇದೆಯಾ, ಸೈಕಲ್ ಇದೆಯಾ ಅಂತ ಪ್ರಪಂಚದ 167 ದೇಶದ ಜನ ಆನ್‌ಲೈನಲ್ಲಿ ಕೂತು ಕ್ಲಿಕ್ ಮಾಡಿ ಹೇಳಿದ್ರು. ಅದರಿಂದ 1000 ಬಗೆ ವಸ್ತು ಆರಿಸಿ 2010ರಿಂದ ಪ್ರತಿ ವರ್ಷ ಸ್ಪರ್ಧೆ ಇಟ್ರು. 2012ರಲ್ಲಿ ಟೊರಾಂಟೊದ ಅಲೆಕ್ಸ್ ಕ್ರಿಜೆವ್‌ಸ್ಕಿ, ಇಲ್ಯಾ ಸುಟ್ಸ್‌ಕೆವರ್, ಜೆಫ್ರಿ ಹಿಂಟನ್ ಮೂವರೂ ಲೆಕುನ್ ಥರದ್ದೇ ನೆಟ್‌ವರ್ಕನ್ನ ದೊಡ್ಡದಾಗಿ ಕಟ್ಟಿ, ಗೇಮ್ ಆಡೋಕೆ ಹಾಕ್ತಾರಲ್ಲ ಅಂಥ ಎರಡು ಗ್ರಾಫಿಕ್ಸ್ ಕಾರ್ಡಲ್ಲಿ ಐದಾರು ದಿನ ಓಡಿಸಿ ಕಲಿಸಿದ್ರು. ಒಂದೊಂದು ಫೋಟೋಗೂ ಐದು ಊಹೆ ಮಾಡೋಕೆ ಬಿಟ್ಟು, ಐದರಲ್ಲಿ ಒಂದೂ ಸರಿ ಇಲ್ದಿದ್ರೆ ಮಾತ್ರ ತಪ್ಪು ಅಂತ ಲೆಕ್ಕ ಹಾಕಿದಾಗ ತಪ್ಪು 15.3 ಪರ್ಸೆಂಟ್, ಎರಡನೇ ಸ್ಥಾನದೋರದ್ದು 26.2. ಅಷ್ಟು ಅಂತರ ಆ ಸ್ಪರ್ಧೆಲಿ ಯಾರೂ ಕಂಡಿರಲಿಲ್ಲ. 2015ಕ್ಕೆ ತಪ್ಪು 3.57ಕ್ಕೆ ಇಳೀತು. ಇವತ್ತು ಫೋನ್ ಮುಖ ನೋಡಿ ಲಾಕ್ ತೆಗೆಯೋದು, ಗ್ಯಾಲರೀಲಿ ನಾಯಿ ಅಂತ ಹುಡುಕಿದ್ರೆ ನಾಯಿ ಫೋಟೋ ಬರೋದು, ಇವೆಲ್ಲ ಅದೇ ಬಗೆಯ ಕಲಿಕೆಯ ಫಲ.

ಈಗ ಆ 1000 ಬಗೆಯ ಪಟ್ಟಿ ತೆಗೆದು ನೋಡಿ, ಯಾರು ಬೇಕಾದ್ರೂ ನೋಡಬಹುದು, ಚಿಕ್ಕಮಗಳೂರಿನೋರು ಒಂದ್ಸಲ ನೋಡ್ಲೇಬೇಕು. ಅದರಲ್ಲಿ ಕಾಫಿ ಮಗ್ ಇದೆ. ಕಾಫಿ ಬಗ್ಗಿಸೋ ಜಗ್ ಇದೆ. ಎಸ್ಪ್ರೆಸ್ಸೊ ಇದೆ, ಎಸ್ಪ್ರೆಸ್ಸೊ ಮಾಡೋ ಮಶೀನೂ ಇದೆ. ಕಾಫಿ ಗಿಡ ಇಲ್ಲ. ಕಾಫಿ ಹಣ್ಣೂ ಇಲ್ಲ. ನಾಯಿ ತಳಿಗಳೇ ಸುಮಾರು 120 ಇವೆ, ಮುಧೋಳ ಇಲ್ಲ. ರಿಕ್ಷಾ ಅಂತ ಇದೆ, ಅದು ಕೈಯಲ್ಲಿ ಎಳೆಯೋದು, ನಮ್ಮ ಆಟೋ ಅಲ್ಲ. ಹಾಗಂತ ನಮ್ಮ ಕಡೇದು ಏನೂ ಇಲ್ಲ ಅನ್ನೋ ಹಾಗಿಲ್ಲ, ಹಲಸಿನ ಹಣ್ಣಿದೆ, ನಮ್ಮ ಆನೆ ಇದೆ, ಭದ್ರಾ ಕಾಡಿನ ಸೀಳುನಾಯಿ ಕೂಡ ಇದೆ. ಯಾರೋ ಬೇಕಂತ ನಮ್ಮನ್ನ ಬಿಟ್ಟಿದಾರೆ ಅಂತ ನಾನು ಹೇಳ್ತಾ ಇಲ್ಲ. ಪಟ್ಟಿ ಮಾಡೋರ ಕಣ್ಣೆದುರಿಗೆ ಏನಿತ್ತೋ, ಇಂಟರ್ನೆಟ್ಟಲ್ಲಿ ಯಾವುದರ ಫೋಟೋ ರಾಶಿ ಬಿದ್ದಿತ್ತೋ ಅದು ಬಂತು. ಕಾಫಿ ಕುಡಿಯೋ ಊರು ಕಪ್ಪಿನ ಫೋಟೋ ತೆಗೀತು, ಕಾಫಿ ಬೆಳೆಯೋ ಊರು ಗಿಡದ ಫೋಟೋ ತೆಗೆದು ಹೆಸರು ಬರೆದು ಎಲ್ಲೂ ಇಡಲಿಲ್ಲ.

ರೋಗದ ಎಲೆ ವಿಷಯಕ್ಕೆ ಬರೋಣ, ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗ್ತೀನಿ ಯಾಕಂದ್ರೆ ನನ್ನ ಪ್ರಕಾರ ಈ ಒಂದು ಕತೆ ಗೊತ್ತಿದ್ರೆ ಉಳಿದಿದ್ದನ್ನ ನೀವೇ ಲೆಕ್ಕ ಹಾಕಬಹುದು. ಪ್ಲಾಂಟ್‌ವಿಲೇಜ್ ಅಂತ ಒಂದು ಸಂಗ್ರಹ ಇದೆ. 14 ಬೆಳೆ, 26 ರೋಗ, ಒಟ್ಟು 54,306 ಎಲೆ ಫೋಟೋ, ಬೆಳೆ ಮತ್ತೆ ರೋಗ ಜೋಡಿಸಿ 38 ಗುಂಪು. ಹಾಸನದೋರಿಗೆ ಸಂಬಂಧಪಟ್ಟ ಆಲೂಗಡ್ಡೆ ಅಂಗಮಾರಿ ಅದರಲ್ಲಿದೆ, ಟೊಮ್ಯಾಟೊ ಇದೆ, ಸೇಬು ದ್ರಾಕ್ಷಿ ಇದೆ. ಕಾಫಿ ಇಲ್ಲ, ಅಡಿಕೆ ಇಲ್ಲ, ಕಾಳುಮೆಣಸೂ ಇಲ್ಲ. 2016ರಲ್ಲಿ ಮೊಹಾಂತಿ, ಹ್ಯೂಸ್, ಸಲಾಥೆ ಅನ್ನೋ ಮೂರು ಜನ ಅದರ ಮೇಲೆ ನೆಟ್‌ವರ್ಕಿಗೆ ಕಲಿಸಿ, ಕಲಿಕೆಗೆ ಬಳಸದೇ ಪಕ್ಕಕ್ಕಿಟ್ಟಿದ್ದ ಫೋಟೋಗಳ ಮೇಲೆ ಪರೀಕ್ಷೆ ಮಾಡಿದ್ರು, 99.35 ಪರ್ಸೆಂಟ್ ಸರಿ ಬಂತು. ಈ ನಂಬರು ಎಲ್ಲಾ ಕಡೆ ಓಡಾಡ್ತು, ಇವತ್ತಿಗೂ ಎಷ್ಟೋ ಆ್ಯಪಿನ ಜಾಹೀರಾತಲ್ಲಿ ಕಾಣೋ 99ರ ಹಿಂದೆ ಇಂಥದ್ದೇ ಪರೀಕ್ಷೆ ಇರುತ್ತೆ. ಆದ್ರೆ ಅದೇ ಲೇಖಕರು ಅದೇ ಪೇಪರಲ್ಲಿ ಇನ್ನೊಂದು ನಂಬರನ್ನೂ ಮುಚ್ಚಿಡದೆ ಬರೆದಿದಾರೆ, ಬೇರೆ ಕಡೆಯಿಂದ ತಂದ, ಬೇರೆ ಪರಿಸ್ಥಿತೀಲಿ ತೆಗೆದ ಫೋಟೋ ಕೊಟ್ಟಾಗ ಸರಿ ಬಂದಿದ್ದು 31 ಪರ್ಸೆಂಟ್ ಮಾತ್ರ. ನೂರರಲ್ಲಿ ಒಂದು ತಪ್ಪೋದು, ನೂರರಲ್ಲಿ ಅರುವತ್ತೊಂಬತ್ತು ತಪ್ಪೋದಾಯ್ತು. ಅದನ್ನ ಬರೆದಿದ್ದಕ್ಕೆ ಅವರ ಮೇಲೆ ನನಗೆ ಬಹಳ ಗೌರವ ಇದೆ.

ಯಾಕೆ ಹಾಗಾಯ್ತು? ಆ ಎಲೆಗಳನ್ನ ಗಿಡದಿಂದ ಕಿತ್ತು, ಬೂದು ಇಲ್ಲಾ ಕಪ್ಪು ಹಾಳೆ ಮೇಲೆ ಒಂದೊಂದಾಗಿ ಇಟ್ಟು ಫೋಟೋ ತೆಗೆದಿದ್ರು. 2022ರಲ್ಲಿ ನೊಯಾನ್ ಅನ್ನೋ ಸಂಶೋಧಕರು ಒಂದು ಚಂದದ ಪರೀಕ್ಷೆ ಮಾಡಿದ್ರು. ಎಲೆಯನ್ನ ಮಶೀನಿಗೆ ತೋರಿಸಲೇ ಇಲ್ಲ. ಹಿನ್ನೆಲೆಯ ಹಾಳೆಯಿಂದ ಬರೀ 8 ಪಿಕ್ಸೆಲ್ ತಗೊಂಡು, ಅಷ್ಟನ್ನೇ ಕೊಟ್ಟು, ಯಾವ ಬೆಳೆ ಯಾವ ರೋಗ ಹೇಳು ಅಂದ್ರು. ಸುಮ್ನೆ ಊಹೆ ಮಾಡಿದ್ರೆ 38ರಲ್ಲಿ 1, ಅಂದ್ರೆ 2.6 ಪರ್ಸೆಂಟ್ ಬರಬೇಕು. ಬಂದಿದ್ದು 49 ಪರ್ಸೆಂಟ್. ಎಲೆ ನೋಡದೇನೇ ಹತ್ರ ಹತ್ರ ಅರ್ಧಕ್ಕರ್ಧ ಸರಿ! ಅಂದ್ರೆ ಒಂದೊಂದು ರೋಗದ ಫೋಟೋಗಳ ಹಿನ್ನೆಲೆ, ಆಗಿದ್ದ ಬೆಳಕು, ಹಾಳೆ ಬಣ್ಣ ಅದರದ್ದೇ ಒಂದು ರೀತಿ ಇತ್ತು, ಮಶೀನು ಅದನ್ನ ಹಿಡ್ಕೊಂಡ್ಬಿಡ್ತು. ಅದಕ್ಕೆ ಮೋಸ ಮಾಡೋ ಉದ್ದೇಶ ಇರಲ್ಲ, ತಪ್ಪು ಕಮ್ಮಿ ಮಾಡು ಅಂತ ನಾವೇ ಹೇಳಿದೀವಿ, ತಪ್ಪು ಕಮ್ಮಿ ಮಾಡೋಕೆ ಸುಲಭದ ದಾರಿ ಯಾವುದು ಸಿಕ್ತೋ ಅದನ್ನ ಹಿಡೀತು. ನಾವು ಎಲೆ ನೋಡ್ತಾ ಇದೆ ಅಂದ್ಕೊಂಡಿದ್ವಿ.

ಇದು ಎಲೆಗಷ್ಟೇ ಅಲ್ಲ. 2018ರಲ್ಲಿ ಕ್ಯಾಲ್‌ಟೆಕ್‌ನ ಸಾರಾ ಬೀರಿ ಮತ್ತೆ ಜೊತೆಯೋರು ಹಸುವಿನ ಫೋಟೋ ಇಟ್ಕೊಂಡು ತೋರ್ಸಿದ್ರು, ಹಸಿರು ಹುಲ್ಲುಗಾವಲಲ್ಲಿ ನಿಂತ ಹಸು ಹಸು ಅಂತ ಗೊತ್ತಾಗುತ್ತೆ, ಸಮುದ್ರದ ದಡದಲ್ಲಿ ನಿಂತ ಹಸು ಗೊತ್ತಾಗಲ್ಲ. ಕಾಡಲ್ಲಿ ಇಟ್ಟ ಕ್ಯಾಮೆರಾಗಳಲ್ಲೂ ಹಾಗೇ, ಕಲಿಕೇಲಿ ಇದ್ದ ಜಾಗದ ಕ್ಯಾಮೆರಾದಲ್ಲಿ ಪ್ರಾಣಿ ಚೆನ್ನಾಗಿ ಗುರುತಿಸುತ್ತೆ, ಹೊಸ ಜಾಗದ ಕ್ಯಾಮೆರಾಕ್ಕೆ ಹೋದ್ರೆ ತಪ್ಪು ಏಕ್ದಂ ಜಾಸ್ತಿ ಆಗುತ್ತೆ. ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಬೆಕ್ಕಿನ ಆಕಾರಕ್ಕೆ ಆನೆ ಚರ್ಮದ ಮೇಲ್ಮೈ ಅಂಟಿಸಿ ಕೊಟ್ರು, ನಾವಾದ್ರೆ ಯಾರೇ ಆದ್ರೂ ಬೆಕ್ಕು ಅಂತೀವಿ, ನೆಟ್‌ವರ್ಕ್ ಆನೆ ಅಂತು. ರಸ್ತೆ ವಿಷಯದಲ್ಲಿ ಜರ್ಮನಿ ಮತ್ತೆ ಅಕ್ಕಪಕ್ಕದ 50 ಊರಿನ ಬೀದಿ ಫೋಟೋ ಇರೋ ಸಿಟಿಸ್ಕೇಪ್ಸ್ ಅನ್ನೋ ಸಂಗ್ರಹ ಬಹಳ ಹೆಸರುವಾಸಿ, ಅದರಲ್ಲಿ ಒಂದೇ ಒಂದು ಫೋಟೋಲಿ ಇದು ರಸ್ತೆ ಇದು ಫುಟ್‌ಪಾತ್ ಇದು ಮನುಷ್ಯ ಅಂತ ಗೆರೆ ಎಳೆದು ಬಣ್ಣ ತುಂಬೋಕೆ ಸರಾಸರಿ ಒಂದೂವರೆ ಗಂಟೆಗಿಂತ ಜಾಸ್ತಿ ಹಿಡೀತಂತೆ. ಆ ರಸ್ತೆ ನೋಡಿ ಕಲಿತ ಮಶೀನು ನಮ್ಮ ರಸ್ತೆಗೆ ಬಂದ್ರೆ ಅಂಚೇ ಇಲ್ಲದ ಡಾಂಬರು, ಮಧ್ಯೆ ಮಲಗಿರೋ ದನ ಎಲ್ಲ ನೋಡಿ ಕಂಗಾಲಾಗುತ್ತೆ, ಹಾಗಾಗಿ ಹೈದರಾಬಾದಿನ ಐಐಐಟಿಯೋರು ಹೈದರಾಬಾದ್ ಮತ್ತೆ ಬೆಂಗಳೂರು ಕಡೆ ಗಾಡಿ ಓಡಿಸಿ 10,000 ಫೋಟೋದ ಇಂಡಿಯನ್ ಡ್ರೈವಿಂಗ್ ಡೇಟಾಸೆಟ್ ಮಾಡಿದ್ರು, ಅದರಲ್ಲಿ ಆಟೋಗೆ ಬೇರೆ ಗುಂಪು, ಪ್ರಾಣಿಗೆ ಬೇರೆ ಗುಂಪು, ರಸ್ತೆ ಅಲ್ಲದಿದ್ರೂ ಗಾಡಿ ಇಳಿಸಬಹುದಾದ ಮಣ್ಣಿನ ಅಂಚಿಗೂ ಬೇರೆ ಗುಂಪು. ಇದೇ ನೋಡಿ ಸರಿಯಾದ ದಾರಿ. ದೂರು ಹೇಳ್ತಾ ಕೂರದೆ ನಮ್ಮ ರಸ್ತೆ ಫೋಟೋ ನಾವೇ ತೆಗೆದು ನಮ್ಮ ಹೆಸರು ಬರೆದು ಎಲ್ರಿಗೂ ಸಿಗೋ ಹಾಗೆ ಇಟ್ರು.

ನಮ್ಮ ಜಿಲ್ಲೆಗೆ ಹತ್ರದ ಇನ್ನೊಂದು ಒಳ್ಳೇ ಕೆಲಸ ಹುಲಿಯದ್ದು. ಉಲ್ಲಾಸ ಕಾರಂತರು 1990ರ ದಶಕದ ಶುರುವಲ್ಲಿ ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಎದುರಿಗೆ ಬಂದ್ರೆ ತಾನೇ ಫೋಟೋ ತೆಗೆಯೋ ಕ್ಯಾಮೆರಾ) ಇಟ್ಟು, ಪಟ್ಟೆ ನೋಡಿ ಒಂದೊಂದು ಹುಲೀನೂ ಬೇರೆ ಬೇರೆ ಗುರುತಿಸಿ, ಅದರಿಂದ ಎಷ್ಟು ಹುಲಿ ಇವೆ ಅಂತ ಅಂದಾಜು ಮಾಡೋ ಕ್ರಮ ತಂದ್ರು, 1995ರಲ್ಲಿ ಪೇಪರ್ ಬಂತು, ಆಮೇಲೆ ಇಲ್ಲಿ ಭದ್ರಾದಲ್ಲೂ ಆ ಕ್ರಮ ಬಳಸಿದ್ರು. ಹುಲಿಯ ಎಡಗಡೆ ಪಟ್ಟೆ ಒಂದು ಥರ, ಬಲಗಡೆ ಇನ್ನೊಂದು ಥರ, ಅದಕ್ಕೇ ಕಾಡು ದಾರಿಯ ಎರಡೂ ಬದೀಲಿ ಎದುರು ಬದುರು ಕ್ಯಾಮೆರಾ ಇಡೋದು. ಫೋಟೋ ಸಾವಿರಗಟ್ಟಲೆ ಆದ್ಮೇಲೆ ಕಣ್ಣಲ್ಲಿ ಹೊಂದಿಸಿ ನೋಡೋದು ಆಗೋ ಮಾತಲ್ಲ. 2009ರಲ್ಲಿ ಹೈಬಿ, ಕಾರಂತ ಮತ್ತೆ ಜೊತೆಯೋರು ಒಂದು ಸಾಫ್ಟ್‌ವೇರ್ ಬಗ್ಗೆ ಬರೆದ್ರು, ಹುಲಿ ಮೈ ತಿರುಗಿಸಿ ನಡೀವಾಗ ಪಟ್ಟೆ ಹಿಗ್ಗಿ ಕುಗ್ಗಿ ಕಾಣುತ್ತಲ್ಲ, ಅದಕ್ಕೆ ಹುಲಿ ಮೈಯಿನ ಮೂರು ಆಯಾಮದ ಮಾದರಿ ಮೇಲೆ ಫೋಟೋನ ಹೊದಿಸಿ, ಪಟ್ಟೆಯನ್ನ ಚಪ್ಪಟೆ ಮಾಡಿ ಹೋಲಿಸೋದು. ಕಳ್ಳಬೇಟೆಯೋರ ಹತ್ರ ಸಿಕ್ಕ ಚರ್ಮಾನ ಹಿಂದೆ ಬದುಕಿದ್ದಾಗ ಕ್ಯಾಮೆರಾಗೆ ಸಿಕ್ಕಿದ್ದ ಹುಲಿ ಜೊತೆ ಹೊಂದಿಸಿ, ಆ ಹುಲಿ ಯಾವ ಕಾಡಿಂದು ಅಂತ ತಿಳಿಯೋಕೂ ಇದು ಆಗುತ್ತೆ. ಇದರಲ್ಲಿ ನನಗೆ ಬಹಳ ಇಷ್ಟವಾದ ವಿಷಯ ಅಂದ್ರೆ ಕಂಪ್ಯೂಟರ್ ತೀರ್ಪು ಕೊಡಲ್ಲ, ಹೆಚ್ಚು ಹೋಲೋ ಫೋಟೋಗಳನ್ನ ಮುಂದೆ ತಂದಿಡುತ್ತೆ, ಹೌದು ಇದೇ ಹುಲಿ ಅಂತ ಹೇಳೋದು ಕಾಡು ಗೊತ್ತಿರೋ ಮನುಷ್ಯ. ತೋಟಕ್ಕೂ ಇದೇ ಕ್ರಮ ಬರಬೇಕು ಅನ್ನೋದು ನನ್ನ ಅಭಿಪ್ರಾಯ.

ಈಗ ಕಾಫಿ ಎಲೆ. ಎಲೆ ತುಕ್ಕು ತಗೊಳ್ಳಿ, ನೀವೆಲ್ಲ ರಸ್ಟ್ ಅಂತೀರಿ. ಶುರುವಲ್ಲಿ ಎರಡು ಮೂರು ಮಿಲಿಮೀಟರ್ ಅಗಲದ ಮಬ್ಬು ಹಳದಿ ಚುಕ್ಕಿ. ಗಿಡ ಪೂರ್ತಿ ಬರಲಿ ಅಂತ ಒಂದೂವರೆ ಮೀಟರ್ ಅಗಲ ಹಿಡಿಸೋ ಹಾಗೆ ಹಿಂದೆ ನಿಂತು ಫೋಟೋ ತೆಗೆದ್ರಿ. 1500 ಮಿಲಿಮೀಟರು 4000 ಪಿಕ್ಸೆಲ್ಲಿಗೆ ಹಂಚಿತು, 3 ಮಿಲಿಮೀಟರಿನ ಚುಕ್ಕಿಗೆ ಫೋಟೋಲಿ 8 ಪಿಕ್ಸೆಲ್ ಅಗಲ ಸಿಕ್ತು, ಪರವಾಗಿಲ್ಲ. ಆದ್ರೆ ಬಹಳಷ್ಟು ನೆಟ್‌ವರ್ಕುಗಳು ಫೋಟೋನ ಮೊದಲು 224ಕ್ಕೆ 224 ಪಿಕ್ಸೆಲ್ಲಿಗೆ ಕುಗ್ಗಿಸಿಕೊಂಡೇ ನೋಡೋದು. ಈಗ ಒಂದು ಪಿಕ್ಸೆಲ್ ಅಂದ್ರೆ 6.7 ಮಿಲಿಮೀಟರು. ನಿಮ್ಮ ಚುಕ್ಕಿ ಅರ್ಧ ಪಿಕ್ಸೆಲ್ಲಿಗೂ ಕಮ್ಮಿ, ಸುತ್ತಲಿನ ಹಸಿರಲ್ಲಿ ಕರಗಿ ಹೋಯ್ತು. ಮಶೀನು ಎಷ್ಟೇ ಜಾಣ ಆಗಿದ್ರೂ ಅದಕ್ಕೆ ಕೊಟ್ಟ ನಂಬರಲ್ಲೇ ರೋಗ ಇಲ್ಲ. ಅದೇ ಒಂದೇ ಎಲೆ ಹಿಡಿದು 15 ಸೆಂಟಿಮೀಟರ್ ಜಾಗ ತುಂಬೋ ಹಾಗೆ ತೆಗೆದ್ರೆ ಕುಗ್ಗಿಸಿದ ಮೇಲೂ ಚುಕ್ಕಿಗೆ ನಾಲ್ಕು ಪಿಕ್ಸೆಲ್ ಇರುತ್ತೆ. ಇನ್ನೂ ಮುಖ್ಯ ಏನಂದ್ರೆ ತುಕ್ಕಿನ ಕಿತ್ತಳೆ ಪುಡಿ ಇರೋದು ಎಲೆ ಅಡಿಭಾಗದಲ್ಲಿ. ಮೇಲಿಂದ ತೆಗೆದ ಫೋಟೋಲಿ ಹಳದಿ ಮಚ್ಚೆ ಮಾತ್ರ ಕಾಣುತ್ತೆ, ಹಳದಿ ಆಗೋಕೆ ಬಿಸಿಲು ಹೊಡೆದಿರೋದು, ಗೊಬ್ಬರ ಸಾಲದೇ ಇರೋದು, ನೂರು ಕಾರಣ. ತೋಟದಲ್ಲಿ ಕೆಲಸ ಮಾಡೋ ಯಾರನ್ನೇ ಕೇಳಿ, ಎಲೆ ಮಗುಚಿ ನೋಡಿಯೇ ಹೇಳೋದು. ಆ ಮಗುಚೋ ಕೈಯನ್ನ ಬಿಟ್ಟು ಫೋಟೋ ಸಂಗ್ರಹ ಮಾಡಿದ್ರೆ ಏನು ಬಂತು.

ಕಾಂಡಕೊರಕ ಇನ್ನೂ ಕಷ್ಟ. ಹುಳ ಇರೋದು ಕಾಂಡದ ಒಳಗೆ, ಮಾಮೂಲಿ ಕ್ಯಾಮೆರಾಗೆ ಒಳಗಿಂದು ಕಾಣಲ್ಲ. ಹೊರಗೆ ಕಾಣೋದು ತೊಗಟೆ ಮೇಲೆ ಉಬ್ಬಿದ ಗೆರೆ, ಬಾಡಿ ಹಳದಿಯಾದ ಎಲೆ. ಬೋರರ್ ಟ್ರೇಸಿಂಗ್, ಅಂದ್ರೆ ಈ ಹುಳ ಹತ್ತಿದ ಗಿಡ ಹುಡುಕೋ ಕೆಲಸ, ಮಾಡೋರು ಕಾಂಡದ ಮೇಲೆ ಬೆರಳಾಡಿಸ್ತಾ ಹೋಗಿ ಆ ಉಬ್ಬು ಹಿಡೀತಾರಲ್ಲ, ಆ ಬೆರಳಿಗೆ ಗೊತ್ತಾಗೋದು ಎಷ್ಟೋ ಸಲ ಫೋಟೋಲಿ ಇರೋದೇ ಇಲ್ಲ. ಇಂಥ ಕಡೆ ಫೋಟೋ ಒಂದನ್ನೇ ನಂಬಿ ಆ್ಯಪ್ ಮಾಡ್ತೀನಿ ಅನ್ನೋರನ್ನ ನಾನು ಒಪ್ಪಲ್ಲ.

ಇನ್ನು ಫೋಟೋ ಜೊತೆ ಹೆಸರು ಬರೆಯೋರು ಯಾರು ಅನ್ನೋ ಮಾತು. ಇಂಗ್ಲಿಷಲ್ಲಿ ಲೇಬಲ್ ಅಂತಾರೆ, ಸಂಶೋಧನೆಲಿ ಅತೀ ಕಮ್ಮಿ ಮರ್ಯಾದೆ ಸಿಗೋ ಕೆಲಸ ಅದು, ಅತೀ ಮುಖ್ಯವಾದ್ದೂ ಅದೇ. ಒಂದೇ ಎಲೆ ಫೋಟೋನ ಅನುಭವ ಇರೋ ಇಬ್ಬರು ಬೆಳೆಗಾರರಿಗೆ ಬೇರೆ ಬೇರೆ ಕೂರಿಸಿ ತೋರ್ಸಿ, ಇಬ್ಬರೂ ಒಂದೇ ಹೇಳ್ತಾರೆ ಅಂತೇನಿಲ್ಲ. ಹೇಳದೇ ಇದ್ದಾಗ ಇಬ್ಬರ ಮಾತನ್ನೂ ಬರೆದಿಡಬೇಕು, ಒಂದನ್ನ ಅಳಿಸಿ ಸುಲಭ ಮಾಡ್ಕೋಬಾರದು. ಬಾಳೆಹೊನ್ನೂರಲ್ಲಿ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ, ಇಷ್ಟು ಹತ್ರದಲ್ಲಿ ರೋಗ ಗೊತ್ತಿರೋ ವಿಜ್ಞಾನಿಗಳು ಇರೋವಾಗ, ತೋಟದಲ್ಲಿ ದಿನಾ ಓಡಾಡೋ ಜನ ಇರೋವಾಗ, ಎಲ್ಲೋ ದೂರದಲ್ಲಿ ಕಾಫಿ ಗಿಡಾನೇ ನೋಡದೇ ಇರೋರು ಕ್ಲಿಕ್ ಮಾಡಿದ ಹೆಸರನ್ನ ನಂಬ್ಕೊಂಡು ಕೆಲಸ ಮಾಡೋದು ನನಗೆ ಸಂಕಟ ಆಗುತ್ತೆ.

ಇಲ್ಲಿಂದ ಪ್ರಶ್ನೆಗಳು.

ಸಕಲೇಶಪುರ ಕಡೆಯಿಂದ ಬಂದಿದ್ದ ಹಿರಿಯರೊಬ್ಬರು ಆನೆ ಬಗ್ಗೆ ಕೇಳಿದ್ರು, "ಕ್ಯಾಮೆರಾ ಹಾಕಿ ಆನೆ ಬಂದ್ರೆ ಮೊದಲೇ ಹೇಳೋ ಹಾಗೆ ಮಾಡೋಕಾಗಲ್ವಾ, ಬೆಳಿಗ್ಗೆ ಆಳುಗಳನ್ನ ತೋಟಕ್ಕೆ ಕಳ್ಸೋಕೇ ಹೆದ್ರಿಕೆ ಆಗುತ್ತೆ ಸರ್." ಆಗುತ್ತೆ ಗೌಡ್ರೇ, ಕೆಲವು ಕಡೆ ಆಗ್ತಾನೂ ಇದೆ. ಕೊಯಮತ್ತೂರು ಹತ್ರ ಮಧುಕ್ಕರೈಲಿ ರೈಲಿಗೆ ಆನೆ ಸಿಕ್ಕಿ ಸಾಯೋದನ್ನ ತಡೆಯೋಕೆ 2024ರಿಂದ ಹಳಿ ಪಕ್ಕ ಥರ್ಮಲ್ ಕ್ಯಾಮೆರಾ ಇಟ್ಟಿದಾರೆ, ಅದು ಮೈ ಬಿಸಿ ನೋಡೋದ್ರಿಂದ ಕತ್ತಲಲ್ಲೂ ಆನೆ ಕಾಣುತ್ತೆ. ಅಲ್ಲಿ ಒಂದು ಅನುಕೂಲ ಇದೆ, ಹಳಿ ಅಲ್ಲೇ ಇರುತ್ತೆ, ಕ್ಯಾಮೆರಾನೂ ಅಲ್ಲೇ ಇರುತ್ತೆ, ಹಿನ್ನೆಲೆ ಬದಲಾಗಲ್ಲ, ಎಚ್ಚರಿಕೆ ಯಾರಿಗೆ ಕೊಡಬೇಕು ಅನ್ನೋದೂ ಗೊತ್ತು. ತೋಟದಲ್ಲಿ ಆನೆ ಯಾವ ಕಡೆಯಿಂದಾದ್ರೂ ಬರಬಹುದು, ಗಿಡ ಮರದ ಮರೇಲಿ ಕಿವಿಯಷ್ಟೇ ಕಾಣಬಹುದು, ಮಂಜು ಮಳೆ ಬೇರೆ. ಇನ್ನೊಂದು ಲೆಕ್ಕ ಮಾಡಿ. ಒಂದು ಕ್ಯಾಮೆರಾ ಸೆಕೆಂಡಿಗೊಂದು ಚಿತ್ರ ನೋಡ್ತು ಅಂದ್ರೆ ರಾತ್ರಿ 12 ಗಂಟೇಲಿ 43,200 ಚಿತ್ರ. ಖಾಲಿ ತೋಟ ನೋಡಿ ಸಾವಿರಕ್ಕೆ ಒಂದ್ಸಲ ಮಾತ್ರ ಆನೆ ಅಂತ ತಪ್ಪು ಹೇಳುತ್ತೆ ಅಂತಿಟ್ಕೊಳಿ, ಕೇಳೋಕೆ 99.9 ಪರ್ಸೆಂಟ್ ಸರಿ, ಆದ್ರೆ ರಾತ್ರಿಗೆ 43 ಸಲ ಸುಳ್ಳು ಎಚ್ಚರಿಕೆ, ಅದೂ ಒಂದು ಕ್ಯಾಮೆರಾಕ್ಕೆ. ಒಂದು ವಾರ ಆದ್ಮೇಲೆ ಆ ಮೆಸೇಜ್ ಯಾರು ನೋಡ್ತಾರೆ? ಅದಕ್ಕೆ ಸತತ ಐದಾರು ಚಿತ್ರದಲ್ಲಿ ಕಂಡ್ರೆ ಮಾತ್ರ ಹೇಳು ಅಂತ ಇಡಬಹುದು, ಸುಳ್ಳು ಕಮ್ಮಿ ಆಗುತ್ತೆ, ಜೊತೆಗೆ ಸರ್ರನೆ ದಾಟಿ ಹೋದ ಆನೆ ತಪ್ಪಿ ಹೋಗೋ ಸಾಧ್ಯತೆ ಜಾಸ್ತಿ ಆಗುತ್ತೆ. ಎಷ್ಟು ಸುಳ್ಳು ತಡ್ಕೋಬಹುದು, ಎಷ್ಟು ತಪ್ಪಿ ಹೋಗೋದು ತಡ್ಕೋಬಹುದು ಅನ್ನೋದನ್ನ ಲ್ಯಾಬಲ್ಲಿ ಕೂತೋರು ನಿರ್ಧಾರ ಮಾಡಬಾರದು, ಬೆಳಿಗ್ಗೆ ಆ ದಾರೀಲಿ ಕೆಲಸಕ್ಕೆ ನಡೆದು ಹೋಗೋರನ್ನ ಕೇಳಿ ಮಾಡಬೇಕು.

ಒಬ್ಬರು ಮೇಡಂ, ಕನ್ನಡ ಮೇಷ್ಟ್ರು, ಬೇಲೂರು ಶ್ರವಣಬೆಳಗೊಳದ ಶಾಸನ ಮಶೀನು ಓದುತ್ತಾ ಅಂತ ಕೇಳಿದ್ರು. ಅಚ್ಚಾದ ಕನ್ನಡ ಪುಟ ಓದೋದು ಈಗ ಚೆನ್ನಾಗೇ ಆಗುತ್ತೆ ಮೇಡಂ, ಐಐಎಸ್ಸಿಲಿ ಲಿಪಿ ಜ್ಞಾನಿ ಅನ್ನೋದನ್ನ ಮಾಡಿದಾರೆ. ಕೈಬರಹದ ಕನ್ನಡ ಅಂಕಿಗೆ 2019ರಲ್ಲಿ ಕನ್ನಡ ಎಂನಿಸ್ಟ್ ಅಂತ ಸಂಗ್ರಹ ಬಂತು, ಅದರಲ್ಲಿ ೬ ಮತ್ತೆ ೭ ನಡುವೆ, ೩ ಮತ್ತೆ ೭ ನಡುವೆ ಮಶೀನು ಎಡವೋದು ನೋಡಿದ್ರೆ ನಮ್ಮ ಒಂದನೇ ಕ್ಲಾಸ್ ಮಕ್ಕಳು ಎಡವೋ ಜಾಗವೇ. ಶಿಲಾಶಾಸನಕ್ಕೆ ಬಂದ್ರೆ ಕಲ್ಲು ಸವೆದಿರುತ್ತೆ, ಅಕ್ಷರಕ್ಕೆ ಬೇರೆ ಬಣ್ಣ ಇಲ್ಲ, ಬರೀ ತಗ್ಗು, ಹಾಗಾಗಿ ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ನೆರಳಿಂದ ಕಾಣುತ್ತೆ. ಬೆಂಗಳೂರಲ್ಲಿ ಮಿಥಿಕ್ ಸೊಸೈಟಿಯೋರು ಶಾಸನಗಳನ್ನ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡ್ತಾ ಇದಾರೆ, ಹಲ್ಮಿಡಿ ಇರೋ ಪಕ್ಕದ ಹಾಸನ ಜಿಲ್ಲೆಲಿ ಊರೂರಲ್ಲಿ ಶಾಸನದ ಕಲ್ಲು ಬಿದ್ದಿವೆ, ಅಲ್ಲೂ ಅದು ಆಗ್ಲೇಬೇಕು, ಓದೋ ಮಶೀನು ಆಮೇಲೆ ಬರಲಿ, ಕಲ್ಲು ಸವೆಯೋದು ಕಾಯಲ್ಲ.

ಕೊನೆಗೆ ಎಂಜಿನಿಯರಿಂಗ್ ಓದೋ ಹುಡುಗಿ ಒಬ್ಬಳು. "ಸರ್, ನಾವು ಫೈನಲ್ ಇಯರ್ ಪ್ರಾಜೆಕ್ಟಿಗೆ ನಮ್ಮ ಚಿಕ್ಕಪ್ಪನ ತೋಟದಲ್ಲಿ ಕಾಫಿ ಎಲೆ ಫೋಟೋ ತೆಗೆದಿದೀವಿ, 97 ಪರ್ಸೆಂಟ್ ಬಂತು, ಸರಿ ಇದೆಯಾ?" ಮೊದಲು, ತೋಟಕ್ಕೆ ಹೋಗಿ ತೆಗೆದ್ರಲ್ಲ, ಅದಕ್ಕೆ ನಿಜವಾಗ್ಲೂ ಖುಷಿ ಆಯ್ತಮ್ಮ. ಈಗ ಪರೀಕ್ಷೆಗೆ ಫೋಟೋ ಹೇಗೆ ಬೇರೆ ಮಾಡಿದ್ರಿ? ಎಲ್ಲಾ ಕಲಸಿ ನೂರಕ್ಕೆ ಇಪ್ಪತ್ತು ಪಕ್ಕಕ್ಕಿಟ್ವಿ ಅಂದ್ಲು. ಹಾಗೆ ಮಾಡಿದ್ರೆ ಒಂದೇ ಗಿಡದ ಒಂದು ಎಲೆ ಕಲಿಕೆಗೆ ಹೋಗಿರುತ್ತೆ, ಪಕ್ಕದ ಎಲೆ ಪರೀಕ್ಷೆಗೆ ಬಂದಿರುತ್ತೆ, ಅದೇ ಬೆಳಕು, ಅದೇ ಫೋನು, ಅದೇ ದಿನ. ಪರೀಕ್ಷೆ ಹಿಂದಿನ ದಿನಾನೇ ಪ್ರಶ್ನೆಪತ್ರಿಕೆ ಕೈಗೆ ಕೊಟ್ಟ ಹಾಗೆ. ನೀವು ಇನ್ನೊಂದೆರಡು ತೋಟ ಹುಡುಕಿ, ಕೊಪ್ಪ ಕಡೆ ಒಂದು, ಮೂಡಿಗೆರೆ ಕಡೆ ಒಂದು ಆದ್ರೂ ಇರಲಿ, ನೆರಳು ಬೇರೆ ಇರೋದು, ತಳಿ ಬೇರೆ ಇರೋದು, ಒಂದರಲ್ಲಿ ಎಸ್ 795 ಇದ್ರೆ ಇನ್ನೊಂದರಲ್ಲಿ ಚಂದ್ರಗಿರಿ ಇರೋ ಥರ, ಯಾಕಂದ್ರೆ ಕೆಲವು ತಳಿಯ ಚಿಗುರು ತಾಮ್ರದ ಬಣ್ಣ ಇರುತ್ತೆ, ಹಸಿರು ಚಿಗುರು ಮಾತ್ರ ನೋಡಿದ ಮಶೀನು ಅದನ್ನೇ ರೋಗ ಅಂದ್ಬಿಡಬಹುದು. ಮಳೆಗಾಲದಲ್ಲೂ ತೆಗೀರಿ, ಎಲೆ ಒದ್ದೆ ಇದ್ದಾಗಲೂ ತೆಗೀರಿ. ಎಲೆ ಮೇಲ್ಭಾಗ ಒಂದು, ಅಡಿಭಾಗ ಒಂದು. ಯಾವ ತೋಟ, ಯಾವ ಬ್ಲಾಕು, ಯಾವ ಗಿಡ, ಎಷ್ಟೊತ್ತಿಗೆ, ಯಾವ ಫೋನು, ರೋಗ ಅಂತ ಹೇಳಿದ್ದು ಯಾರು, ಇಷ್ಟನ್ನೂ ಬರೆದಿಡಿ. ಆಮೇಲೆ ಒಂದು ತೋಟದ್ದು ಒಂದೇ ಒಂದು ಫೋಟೋನೂ ಕಲಿಕೆಗೆ ಸೇರಿಸದೆ ಪೂರ್ತಿ ಪರೀಕ್ಷೆಗೇ ಬಿಡಿ. ನಂಬರು ಬೀಳುತ್ತೆ, 60ಕ್ಕೆ ಬಿದ್ರೂ ಬೀಳಲಿ, ಅದನ್ನೇ ರಿಪೋರ್ಟಿನ ಮೊದಲ ಪುಟದಲ್ಲಿ ಹಾಕಿ, 97ನ್ನ ಅದರ ಕೆಳಗೆ ಹಾಕಿ. ವೈವಾದಲ್ಲಿ ಇಷ್ಟು ಕಮ್ಮಿ ಯಾಕೆ ಅಂತ ಕೇಳಿದ್ರೆ ಮಶೀನು ತಪ್ಪಿದ ಫೋಟೋಗಳನ್ನೇ ಒಂದೊಂದಾಗಿ ತೋರ್ಸಿ, ಇಲ್ಲಿ ಬಿಸಿಲಿನ ಚೂರನ್ನ ಚುಕ್ಕಿ ಅಂದ್ಕೊಂಡಿದೆ, ಇಲ್ಲಿ ಅಡಿಭಾಗ ಕಂಡಿಲ್ಲ ಅಂತ ಹೇಳಿ. ಫೋಟೋ ಎಲ್ಲ ಸೇರಿದ ಮೇಲೆ ತೋಟದೋರ ಒಪ್ಪಿಗೆ ತಗೊಂಡು ಎಲ್ರಿಗೂ ಸಿಗೋ ಹಾಗೆ ಹಾಕಿ, ಮುಂದಿನ ಬ್ಯಾಚಿನೋರು ಹಾಸನದ ತೋಟಗಳನ್ನೂ ಅದಕ್ಕೆ ಸೇರಿಸ್ಲಿ.